ಆಯಿ ಕುಟ್ಟುತ್ತಿದ್ದ ಹಂದಿ ಮಾಂಸದ ಪುಡಿ

ಒಣ ಮೆಣಸಿನಕಾಯಿ ಹುರಿಯುವ ಘಾಟು ಮೂಗಿಗೆ ಹೊಡೆದರೆ ಈಗಲೂ ನನಗೆ ಡೋಣಿ ಊರಿನ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬರುತ್ತದೆ. ಆ ಮನೆ ಬಿದ್ದು ಎಷ್ಟೋ ವರ್ಷವಾಯಿತು. ನಿಮ್ಮ ಕಡೆಯೂ ಇಂಥದೊಂದು ಮನೆ ಬಿದ್ದಿರಬೇಕು, ಬಿಡಿ. ನಮ್ಮದು ಕಲ್ಲು ಒಡೆಯುವ ಮನೆತನ. ಹಂದಿ ಕೊಯ್ದ ದಿನ ಅಪ್ಪನ ತಾಯಿ, ನಮ್ಮ ಆಯಿ, ಎಲ್ಲರನ್ನೂ ಅಡುಗೆ ಮನೆಯಿಂದ ಹೊರಗೆ ಅಟ್ಟಿ, ಬಾಗಿಲು ಹಾಕಿಕೊಂಡು ಪುಡಿ ಕುಟ್ಟುತ್ತಿದ್ದಳು. ಆ ಪುಡಿಯನ್ನು ಒಂದು ಹನಿ ನೀರು ತಾಗಿಸದೆ ಮಾಂಸದ ತುಂಡುಗಳಿಗೆ ತಿಕ್ಕಿ, ಮುತ್ತಲ ಎಲೆ ಮುಚ್ಚಿ ಸಂಜೆಯವರೆಗೆ ಇಟ್ಟು, ಆಮೇಲೆ ಅದರದೇ ಕೊಬ್ಬಿನಲ್ಲಿ ಬೇಯಿಸುವುದು. ಪುಡಿಗೆ ಏನೇನು ಬೀಳುತ್ತದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿಬಿಟ್ಟರೆ ಮನೆಯಲ್ಲಿ ತನ್ನನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮುಂಡರಗಿಯಿಂದ ಹೊಸದಾಗಿ ಬಂದವಳು. ಆ ಪುಡಿ ಕೈಗೆ ಬರುವವರೆಗೆ ತಾನು ಈ ಮನೆಗೆ ಉಣ್ಣಲು ಬಂದ ಬೀಗರವಳು ಅಷ್ಟೇ ಎಂದು ಕೊರಗುತ್ತಿದ್ದಳು. ಅವಳ ಮೂಗೋ, ನಾಯಿಗೂ ಅಂಥದ್ದಿರಲಿಲ್ಲ. ಬಾಗಿಲ ಸಂದಿಗೆ ಅದನ್ನು ಹಚ್ಚಿ ನಿಂತು ಒಂದೊಂದೇ ಹೆಸರು ಹೇಳುತ್ತಿದ್ದಳು.

“ಅತ್ತಿ, ಈಗ ಕೊತ್ತಂಬರಿ ಬೀಜ ಹುರದ್ರಿ. ಈಗ ಅಜವಾನ.”

“ನಿನ್ನ ಮೂಗಿಗೆ ಎತ್ತಿನಂಗ ಮೂಗದಾಣ ಹಾಕಬೇಕು. ನಡಿ ಆಚೆ,” ಎಂದು ಒಳಗಿನಿಂದ ಆಯಿ.

ಒಂದು ದಿನ ಸಂದಿಯಿಂದ ಬೇರೆಯೇ ವಾಸನೆ ಬಂತು. ಚಿಗವ್ವ ಪಕ್ಕದಲ್ಲಿದ್ದ ನನ್ನ ಕಿವಿ ಹಿಡಿದು ಎಳೆದು, “ತಂಬಾಕಲೇ. ನಮ್ಮತ್ತಿ ತಂಬಾಕ ಹಾಕ್ತಾಳ,” ಎಂದಳು. ಗುಟ್ಟು ಸಿಕ್ಕಿತೆಂದು ಅವಳ ಮುಖ ಅರಳಿತ್ತು.

ಮುಂದಿನ ಸಲ ಹಂದಿ ಕೊಯ್ದಾಗ ಆಯಿ ಬಾಳೆಹೊಸೂರಿನ ನೆಂಟರ ಮನೆಗೆ ಹೋಗಿದ್ದಳು. ಚಿಗವ್ವ ಸೆರಗು ಸಿಕ್ಕಿಸಿ ತಾನೇ ಪುಡಿ ಕುಟ್ಟಿದಳು, ತಂಬಾಕನ್ನೂ ಧಾರಾಳವಾಗಿ ಹಾಕಿದಳು. ರಾತ್ರಿ ಊಟಕ್ಕೆ ಕುಳಿತವರಿಗೆಲ್ಲ ಬಿಕ್ಕಳಿಕೆ ಹತ್ತಿತು. ಅಪ್ಪ ಗೋಡೆ ಹಿಡಿದು ಹೊರಗೆ ಹೋದ. ಅಜ್ಜ ಮಾತ್ರ ನಿಧಾನಕ್ಕೆ ಅಗಿದು, “ಊಟಾನೂ ಆತು, ತಂಬಾಕೂ ಆತು. ಚಲೋ ಸೊಸಿ ಸಿಕ್ಕಾಳ,” ಎಂದ.

ಅಷ್ಟರಲ್ಲಿ ಆಯಿ ಬಂದಳು. ಒಂದು ತುಂಡು ಬಾಯಿಗಿಟ್ಟು ಉಗುಳಿದಳು.

“ನಿಮ್ಮ ಒಲ್ಯಾಗ ತಂಬಾಕಿನ ವಾಸನಿ ಬಂದಿತ್ತಲ್ರಿ, ಅತ್ತಿ.”

“ಒಲಿಗೆ ಹಾಕಿದ್ದು ನಿನ್ನ ಮೂಗಿಗೆ, ಮಾಂಸಕ್ಕಲ್ಲ.”

ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ಬೆಳಿಗ್ಗೆ ಸೀರೆ ಗಂಟು ಕಟ್ಟಿಕೊಂಡು ಮುಂಡರಗಿ ಬಸ್ಸಿಗೆ ಹೊರಟೇಬಿಟ್ಟಳು. ಆಯಿ ಹೊಸ್ತಿಲಲ್ಲಿ ಅಡ್ಡ ನಿಂತಳು.

“ಹೋಗಾಕಿ ಪುಡಿ ಕಲ್ತು ಹೋಗು. ಇಲ್ಲಂದ್ರ ತವರಮನ್ಯಾಗೂ ಹಿಂಗ ಮಾಡಿ ನನ್ನ ಹೆಸರ ಕೆಡಸ್ತಿ.”

ಗಂಟು ಕೆಳಗಿಳಿಯಿತು. ಇಬ್ಬರೂ ಒಳಕಲ್ಲಿನ ಮುಂದೆ ಕುಳಿತರು. ಚಿಗವ್ವನ ಮೂಗಿಗೆ ಸಿಗದೆ ಉಳಿದದ್ದು ಕಪ್ಪತಗುಡ್ಡದಿಂದ ತಂದು ನೆರಳಲ್ಲಿ ಒಣಗಿಸಿದ ಕಾಡುತುಳಸಿ ಒಂದೇ. ಅದನ್ನು ಆಯಿ ಹುರಿಯುತ್ತಲೇ ಇರಲಿಲ್ಲ, ಕೊನೆಗೆ ಅಂಗೈಯಲ್ಲಿ ತಿಕ್ಕಿ ಉದುರಿಸುತ್ತಿದ್ದಳು. ಆಮೇಲೆ ಆಯಿ ಸಾಯುವವರೆಗೂ ಅವರಿಬ್ಬರೂ ಕೂಡಿಯೇ ಕುಟ್ಟಿದರು. “ಉಪ್ಪ ಹೆಚ್ಚಾತು” ಎಂದು ಆಯಿ, “ನಿಮ್ಮ ನಾಲಿಗಿ ಹೆಚ್ಚಾಗೇತ್ರಿ” ಎಂದು ಚಿಗವ್ವ. ಪಕ್ಕದಲ್ಲಿ ಕುಳಿತು ಸೀನುತ್ತಾ ನಾನೂ ಕಲಿತೆ.

ಈಗ ಚಿಗವ್ವನೂ ಇಲ್ಲ. ನನ್ನ ಪುಡಿಯನ್ನು ಎಲ್ಲರೂ ಚಲೋ ಐತಿ ಎನ್ನುತ್ತಾರೆ, ಉಂಡು ಕೈ ತೊಳೆಯುತ್ತಾರೆ. ಉಪ್ಪು ಹೆಚ್ಚಾಯಿತೆಂದು ಬೈಯುವವರು ಯಾರೂ ಉಳಿದಿಲ್ಲ.