ಬೇಕು, ಬೇಕೇ ಬೇಕು

ನನ್ನ ಮಗಳು ಹದಿಮೂರನೆಯ ವಯಸ್ಸಿನಲ್ಲಿ ಅಮೆರಿಕದ ಸಂಸತ್ತಿನ ಸದಸ್ಯೆಯಾದಳು. ಕ್ಷೇತ್ರ ವರ್ಜೀನಿಯಾ, ಅವಧಿ ಒಂದು ಮಧ್ಯಾಹ್ನ. ವಾಸ ಮಾತ್ರ ದೋಹಾದ ಬಿನ್ ಮಹಮೂದಿನಲ್ಲಿ, ಲಿಫ್ಟು ಆಗಾಗ ಕೈಕೊಡುವ ಒಂದು ಹಳೆಯ ಕಟ್ಟಡದ ಮೂರನೇ ಮಹಡಿ, ನಮ್ಮ ಜೊತೆಯಲ್ಲೇ.

ಫುಟ್‌ಬಾಲ್ ವಿಶ್ವಕಪ್ ಶುರುವಾಗಲು ಕೆಲವೇ ವಾರಗಳಿದ್ದವು. ವೆಸ್ಟ್ ಬೇಯ ನನ್ನ ಆಫೀಸಿನ ಎದುರಿನ ಗೋಪುರಕ್ಕೆ ಒಬ್ಬ ಆಟಗಾರನ ಚಿತ್ರವನ್ನು ಬುಡದಿಂದ ತುದಿಯವರೆಗೆ ಹೊದಿಸಿದ್ದರು. ನನ್ನ ಮೇಜಿನಿಂದ ಕಾಣುತ್ತಿದ್ದದ್ದು ಅವನ ಎಡ ಮೊಣಕಾಲು ಮಾತ್ರ. ಆಟಗಳು ಮುಗಿಯುವವರೆಗೂ ಶಾಲೆಗಳಿಗೆ ರಜೆ ಎಂದು ಹೇಳಿಯಾಗಿತ್ತು. ಮಗಳದು ಅಮೆರಿಕನ್ ಸಿಲಬಸ್ಸಿನ ಶಾಲೆ. ರಜೆಗೆ ಮುನ್ನ ಪಾಠ ಮುಗಿಸುವ ಆತುರದಲ್ಲಿ ಅವಳ ಚರಿತ್ರೆಯ ಮೇಡಂ ಒಂದು ಅಧ್ಯಾಯವನ್ನು ಓದಿಸುವ ಬದಲು ಆಡಿಸಿಬಿಡೋಣ ಎಂದು ತೀರ್ಮಾನಿಸಿದರು. ನಮ್ಮ ಕಾಲದಲ್ಲಿ ಅಣಕು ಸಂಸತ್ತು ಎನ್ನುತ್ತಿದ್ದರಲ್ಲ, ಅದೇ.

ವಿಷಯ ಇಷ್ಟು. ಹದಿನೇಳುನೂರ ತೊಂಬತ್ತೊಂದರಲ್ಲಿ, ಅಮೆರಿಕ ಇನ್ನೂ ಹೊಸದಾಗಿ ಸಂಸಾರ ಹೂಡಿದ್ದಾಗ, ಅಲ್ಲಿನ ಖಜಾನೆ ಮಂತ್ರಿ ದೇಶಕ್ಕೊಂದು ಬ್ಯಾಂಕು ಬೇಕೆಂದರು. ಸಂವಿಧಾನದಲ್ಲಿ ಬ್ಯಾಂಕಿನ ಮಾತೇ ಇರಲಿಲ್ಲ. ಸರ್ಕಾರ ತನ್ನ ಕೆಲಸಗಳಿಗೆ 'ನೆಸೆಸರಿ' ಆದ ಕಾನೂನು ಮಾಡಬಹುದು ಎಂಬ ಅರ್ಥದ ಒಂದು ಸಾಲಿತ್ತು, ಅಷ್ಟೆ. ಆ ಪದವನ್ನು ಹಿಡಿದುಕೊಂಡು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಜನಪ್ರತಿನಿಧಿಗಳ ಸಭೆ ದಿನಗಟ್ಟಲೆ ಕಿತ್ತಾಡಿತು. ಇದ್ದರೆ ಅನುಕೂಲವಾಗುವುದೂ ನೆಸೆಸರಿಯೇ ಎಂದು ಒಂದು ಕಡೆಯವರು. ಯಾವುದಿಲ್ಲದೆ ಕೆಲಸ ನಡೆಯುವುದೇ ಇಲ್ಲವೋ ಅದು ಮಾತ್ರ ನೆಸೆಸರಿ ಎಂದು ಇನ್ನೊಂದು ಕಡೆಯವರು. ಚೀಟಿ ಎತ್ತಿದಾಗ ಮಗಳಿಗೆ ಸಿಕ್ಕಿದ್ದು ಈ ಎರಡನೆಯವರ ಕಡೆಯ, ವರ್ಜೀನಿಯಾದ ಸದಸ್ಯನ ಪಾತ್ರ. ಚರಿತ್ರೆಯಲ್ಲಿ ಸೋತ ಕಡೆ ಅದು.

ಹಿಂದಿನ ವರ್ಷ ಇಂಥದೇ ಒಂದು ಚರ್ಚೆಯಲ್ಲಿ ಅವಳು ಎದ್ದು ನಿಂತು, ಎರಡು ಸಾಲು ಹೇಳಿ, ಮೂರನೆಯದಕ್ಕೆ ಬಾಯಿ ಕಟ್ಟಿ ಕೂತಿದ್ದಳು. ಅಲ್ಲಿಂದಾಚೆಗೆ ತರಗತಿಯ ಎಲ್ಲ ಚರ್ಚೆಗಳಲ್ಲೂ ಅವಳ ಪಾಲಿಗೆ ಬಂದದ್ದು ಸಮಯ ನೋಡಿ ಗಂಟೆ ಬಾರಿಸುವ ಕೆಲಸ. ಈ ಸಲ ಮೇಡಂ ಮೊದಲೇ ಕೇಳಿದ್ದರಂತೆ, ಮಾತಾಡುತ್ತೀಯೋ ಗಂಟೆ ಹಿಡಿಯುತ್ತೀಯೋ ಎಂದು.

"ಮಾತಾಡ್ತೀನಿ ಅಂದೆ," ಎಂದು ಮನೆಗೆ ಬಂದು ಹೇಳುವಾಗ ಅವಳ ಕಿವಿಗಳು ಕೆಂಪಾಗಿದ್ದವು.

ಅವಳಿಗೆ ಅದು ಎಷ್ಟು ದೊಡ್ಡ ವಿಷಯವೆಂದು ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದ ಕೂಡಲೇ ನಾನು ಮಾಡಿದ ಘನಕಾರ್ಯವೆಂದರೆ ಅವಳ ಭಾಷಣವನ್ನು ನಾನೇ ಬರೆಯಲು ಕೂತದ್ದು.

ನನ್ನನ್ನು ಪೂರ್ತಿ ದೂರಬೇಡಿ. ಆಫೀಸಿನಲ್ಲಿ ನನ್ನ ಕೆಲಸವೇ ಕಾಂಟ್ರಾಕ್ಟುಗಳನ್ನು ಓದಿ, ಒಂದು ಪದ ಅತ್ತಿತ್ತಾದರೆ ಏನಾಗುತ್ತದೆಂದು ಹೆದರಿಸುವುದು. ಒಂದು ಪದದ ಮೇಲೆ ಒಂದು ಸಂಸತ್ತೇ ಜಗಳವಾಡಿದ ಕಥೆ ಕೈಗೆ ಸಿಕ್ಕರೆ ನನ್ನಂಥವನು ಬಿಡುತ್ತಾನೆಯೇ? ಎರಡು ಸಂಜೆ ಕೂತು ನಾಲ್ಕು ಪುಟ ಬರೆದೆ. ತೊಂದರೆ ಒಂದೇ. ಬರೆಯುತ್ತ ಬರೆಯುತ್ತ ಬ್ಯಾಂಕಿನ ಕಡೆಯವರೇ ಸರಿ ಎಂದು ನನಗೆ ಮನವರಿಕೆಯಾಗಿಹೋಗಿತ್ತು. ಮಗಳು ಪುಟಗಳನ್ನು ತಿರುವಿ ನೋಡಿದಳು.

"ಅಪ್ಪ, ಇದ್ರಲ್ಲಿ ಬ್ಯಾಂಕ್ ಒಳ್ಳೇದು ಅಂತಾನೇ ಇದೆಯಲ್ಲ. ನಾನು ಅಪೋಸಿಷನ್ನು."

"ಎದುರಾಳಿಯ ವಾದವನ್ನ ಮೊದಲು ಹೇಳಿ ಆಮೇಲೆ ಮುರೀಬೇಕು ಕಣೇ. ಅದು ಶೈಲಿ."

"ಮುರಿಯೋದು ಎಲ್ಲಿದೆ?"

ಕೊನೆಯ ಪುಟದ ಕೊನೆಯ ಎರಡು ಸಾಲನ್ನು ತೋರಿಸಿದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟ್ ಆಗಿರುವ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ನೀವು ಬರ್ದುಕೊಟ್ರೆ ಅವಳು ಓದ್ತಾಳೆ ಅಷ್ಟೆ, ಮಾತಾಡಲ್ಲ." ನನಗೆ ಸಿಟ್ಟು ಬಂತು. ಮಾತು ನಿಜವಾಗಿದ್ದರೆ ನನಗೆ ಸಿಟ್ಟು ಬೇಗ ಬರುತ್ತದೆ.

ಶುಕ್ರವಾರ ನಮ್ಮ ಹಾಲಿನಲ್ಲಿ ರಿಹರ್ಸಲ್ ಎಂದು ಹೆಂಡತಿಯೇ ಏರ್ಪಾಡು ಮಾಡಿದಳು. ಜನರೆದುರು ಒಮ್ಮೆ ಮಾತಾಡಿದರೆ ಹೆದರಿಕೆ ಹೋಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಎದುರುಮನೆಯ ಹಾಜಿಯವರು ಮಧ್ಯಾಹ್ನದ ನಮಾಜು ಮುಗಿಸಿ ಬಂದರು. ಮಂಗಳೂರು ಕಡೆಯವರು, ಮುಶೈರಿಬ್ ಇನ್ನೂ ಹಳೆಯ ಗಲ್ಲಿಗಳ ಮುಶೈರಿಬ್ ಆಗಿದ್ದಾಗಿನಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದವರು, ಆ ವರ್ಷ ಬಟ್ಟೆಗಿಂತ ಬಾವುಟಗಳನ್ನೇ ಹೆಚ್ಚು ಮಾರುತ್ತಿದ್ದರು. ಮೇಲಿನ ಮಹಡಿಯ ಒಂದೇ ಫ್ಲ್ಯಾಟಿನಲ್ಲಿದ್ದ ಆರು ಜನ ಬ್ಯಾಚುಲರುಗಳೂ ಬಂದರು. ಅವರೂ ಕರಾವಳಿಯವರೇ, ಮೂವರು ಅರ್ಜೆಂಟೀನಾ ಕಡೆ, ಮೂವರು ಬ್ರೆಜಿಲ್ ಕಡೆ. ಅವರು ಬಂದದ್ದು ಅಮೆರಿಕದ ಚರಿತ್ರೆಗಲ್ಲ, ನನ್ನ ಹೆಂಡತಿಯ ಶಾವಿಗೆ ಪಾಯಸಕ್ಕೆ.

ಭಾಷಣದ ನಂತರ ಮತದಾನ ಎಂದಾಗ ಮೊದಲ ಗಲಾಟೆ ಎದ್ದಿತು.

"ಓಟು ಮನೆಗೊಂದಾ, ತಲೆಗೊಂದಾ ಸಾರ್?" ಎಂದು ಮೇಲಿನವರಲ್ಲೊಬ್ಬ ಕೇಳಿದ. "ತಲೆಗೊಂದು ಅಂದ್ರೆ ನಾವು ಆರು ಜನ ಉಂಟು."

"ಒಂದು ಬಾತ್‌ರೂಮಿಗೆ ಆರು ಜನ ಲೈನ್ ನಿಲ್ತೀರಿ, ಓಟಿಗೆ ಮಾತ್ರ ಬೇರೆ ಬೇರೆಯಾ?" ಎಂದರು ಹಾಜಿಯವರು. "ಮನೆಗೊಂದು. ಖಲಾಸ್."

ಆಗಿನ ಕಾಲದ ಸಣ್ಣ ರಾಜ್ಯಗಳಿಗೂ ದೊಡ್ಡ ರಾಜ್ಯಗಳಿಗೂ ಇದೇ ಜಗಳವಿತ್ತೆಂದು ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಗಳು, "ಅದಕ್ಕೇ ಅವರು ಎರಡು ಹೌಸ್ ಮಾಡಿದ್ರು ಅಂಕಲ್. ಒಂದ್ರಲ್ಲಿ ತಲೆ ಲೆಕ್ಕ, ಇನ್ನೊಂದ್ರಲ್ಲಿ ಮನೆ ಲೆಕ್ಕ. ಇದು ತಲೆ ಲೆಕ್ಕದ್ದು," ಎಂದಳು. ಎಲ್ಲರೂ ಒಪ್ಪಿದರು. ನಾನಾಗಿದ್ದರೆ ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದೆ.

"ಹಾಗಾದ್ರೆ ನಂಗೆ ಚೀಟಿಯಲ್ಲಿ ಹಾಕ್ಬೇಕು, ಕೈ ಎತ್ತುದೆಲ್ಲ ಬೇಡ," ಎಂದರು ಹಾಜಿಯವರು. "ನಾನು ಓಟು ಹಾಕದೆ ಎಷ್ಟೋ ವರ್ಷ ಆಯ್ತು ಮಾರಾಯ್ರೆ. ಊರಲ್ಲಿ ಲಿಸ್ಟಿಂದ ಹೆಸರು ಹೋಯ್ತು. ಇಲ್ಲಿ ಅಂತೂ ನಮಗೆ ಓಟು ಮಾಫಿ, ಇಲ್ಲವೇ ಇಲ್ಲ. ಇವತ್ತು ಸರಿಯಾಗಿ ಹಾಕುವ."

ಮಗಳು ನನ್ನ ನಾಲ್ಕು ಪುಟ ಹಿಡಿದು ನಿಂತಳು. ಇಂಗ್ಲಿಷಿನಲ್ಲಿ ಶುರುಮಾಡಿ ಮೊದಲ ಪುಟ ದಾಟುವುದರೊಳಗೆ ಹಾಜಿಯವರು ಕೈಯೆತ್ತಿದರು.

"ಮಗಾ, ನನ್ನ ಇಂಗ್ಲಿಷು ಅಂಗಡಿ ಇಂಗ್ಲಿಷು. ನಾನು ಕಲ್ತದ್ದು ಏಳನೇ ಕ್ಲಾಸು, ಕನ್ನಡ ಶಾಲೆ. ಎಂತಕ್ಕೆ ಓಟು ಹಾಕುದು ಅಂತ ಗೊತ್ತಾಗ್ಬೇಕಲ್ಲ? ಕನ್ನಡದಲ್ಲಿ ಹೇಳು."

ಮನೆಯ ಕನ್ನಡ ಅವಳಿಗೆ ಊಟ, ಸ್ನಾನ, ಹೋಂವರ್ಕಿಗೆ ಸಾಕಾಗುತ್ತಿತ್ತು, ಸಂವಿಧಾನಕ್ಕಲ್ಲ. ನನ್ನ ಪುಟಗಳು ನಿಷ್ಪ್ರಯೋಜಕವಾದವು. ಅವಳು ಸ್ವಲ್ಪ ಹೊತ್ತು ಸೀಲಿಂಗ್ ಫ್ಯಾನ್ ನೋಡಿದಳು. ಆಮೇಲೆ ಧೈರ್ಯ ಮಾಡಿ ಹೇಳಿದಳು.

"ದೇಶಕ್ಕೆ ಬ್ಯಾಂಕ್ ಬೇಕು. ಆದ್ರೆ ಬೇಕಾಗಿಲ್ಲ."

ಮನೆಯೆಲ್ಲ ನಗು. ಮೇಲಿನವನೊಬ್ಬನಿಗೆ ಪಾಯಸ ನೆತ್ತಿಗೆ ಹತ್ತಿತು. ತಪ್ಪು ಅವಳದಲ್ಲ. ಆಸೆಗೂ ಬೇಕು, ಅಗತ್ಯಕ್ಕೂ ಬೇಕು. ನಮ್ಮ ಭಾಷೆಯಲ್ಲಿ ಐಸ್‌ಕ್ರೀಮೂ ಬೇಕು, ಆಕ್ಸಿಜನ್ನೂ ಬೇಕು. ಫಿಲಡೆಲ್ಫಿಯಾದಲ್ಲಿ ಅವರು ಅಷ್ಟು ದಿನ ಜಗಳವಾಡಿದ್ದನ್ನು ಕನ್ನಡ ಒಂದೇ ಪದದೊಳಗೆ ಹಾಕಿ ಮುಚ್ಚಿಟ್ಟಿತ್ತು. ಆದರೆ ಅವಳ ಕಿವಿಗಳು ಮತ್ತೆ ಕೆಂಪಾದವು. ಹಿಂದಿನ ವರ್ಷ ಅವಳು ಬಾಯಿ ಕಟ್ಟಿ ಕೂತದ್ದು ಹೀಗೇ ಇರಬೇಕು ಎನ್ನಿಸಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಅವಳು ಹೇಳ್ತಿರೋದು ಏನಂದ್ರೆ, ಅನುಕೂಲ ಬೇರೆ, ಅನಿವಾರ್ಯತೆ ಬೇರೆ. ಸಂವಿಧಾನದ ಪ್ರಕಾರ—"

"ಸಾರ್, ನೀವು ಕೂತ್ಕೊಳ್ಳಿ," ಎಂದರು ಹಾಜಿಯವರು. ದನಿ ಮೆತ್ತಗಿತ್ತು. "ಮೆಂಬರು ಯಾರು? ನೀವಾ, ಅವಳಾ?"

ಹದಿನೈದು ವರ್ಷ ಕತಾರಿನಲ್ಲಿ ದೊಡ್ಡ ದೊಡ್ಡ ಮ್ಯಾನೇಜರುಗಳೆದುರು ಸುಮ್ಮನಾಗದ ನಾನು ಬಾವುಟ ಮಾರುವವರ ಒಂದು ಮಾತಿಗೆ ಕೂತೆ. ಮುಖಕ್ಕೆ ಹೊಡೆದಂತಾಗಿತ್ತು. ನನ್ನ ಮನೆಯಲ್ಲಿ, ನನ್ನ ಸೋಫಾದ ಮೇಲೆ!

ಮಗಳು ಅಮ್ಮನ ಕಡೆ ನೋಡಿದಳು. ಸೂಪರ್ ಮಾರ್ಕೆಟ್ಟಿನಲ್ಲಿ ಮಗಳು ಗಾಡಿಗೆ ಏನನ್ನಾದರೂ ಹಾಕಿದರೆ ನನ್ನ ಹೆಂಡತಿ ಎರಡು ಪ್ರಶ್ನೆ ಕೇಳುತ್ತಾಳೆ. ಬೇಕಾ? ಬೇಕೇ ಬೇಕಾ? ಮೊದಲನೆಯದಕ್ಕೆ ಮಾತ್ರ ಹೂಂ ಎಂದರೆ ಪದಾರ್ಥ ಕಪಾಟಿಗೆ ವಾಪಸು. ಅದು ನೆನಪಾಯಿತೋ ಏನೋ, ಮಗಳು ನನ್ನ ಪುಟಗಳನ್ನು ಟೀಪಾಯಿಯ ಮೇಲಿಟ್ಟಳು.

"ಹಾಜಿ ಅಂಕಲ್, ನಿಮ್ಗೆ ಅರ್ಜೆಂಟೀನಾ ಮ್ಯಾಚ್ ಟಿಕೆಟ್ ಬೇಕು. ಶುಗರ್ ಮಾತ್ರೆ ಬೇಕೇ ಬೇಕು. ಡಿಫರೆನ್ಸ್ ಗೊತ್ತಾಯ್ತಾ?"

"ಇಲ್ಲ ಮಗಾ, ಟಿಕೆಟ್ ಸಹ ಬೇಕೇ ಬೇಕು!"

"ಎಲ್ರೂ ಹಾಗೇ ಹೇಳ್ತಾರೆ ಅಂಕಲ್. ಅದಕ್ಕೇ ರೂಲ್ ಇರೋದು. ಬೇಕು ಅನ್ನೋದನ್ನೆಲ್ಲ ಬೇಕೇ ಬೇಕು ಅಂತ ಮಾಡ್ಕೊಂಡ್ರೆ, ಗೌರ್ಮೆಂಟಿಗೆ ಬೇಡ ಅನ್ನೋರೇ ಇರಲ್ಲ. ಜನ ಪರ್ಮಿಷನ್ ಕೊಟ್ಟಿರೋದು ಬೇಕೇ ಬೇಕು ಅನ್ನೋದಕ್ಕೆ ಮಾತ್ರ. ಬ್ಯಾಂಕ್ ಬೇಕು ಅಷ್ಟೆ."

ನನ್ನ ನಾಲ್ಕು ಪುಟಗಳಲ್ಲಿ ಇದರಷ್ಟು ಒಳ್ಳೆಯ ಸಾಲು ಒಂದೂ ಇರಲಿಲ್ಲ. ಹೆಮ್ಮೆಯಾಯಿತು, ಸುಳ್ಳೇಕೆ, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಹಾಜಿಯವರು ಪೆನ್ನು ಕೇಳಿ ಪಡೆದು, ಗೋಡೆಯ ಕಡೆ ತಿರುಗಿ, ಚೀಟಿಗೆ ಅಂಗೈ ಮರೆಮಾಡಿ ಬರೆದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದರು. ಅವರ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ನಮ್ಮ ಮನೆಯಲ್ಲಿ ಅಮೆರಿಕದ ಬ್ಯಾಂಕು ಹೀನಾಯವಾಗಿ ಸೋತಿತು. ಅದರ ಪರವಾಗಿ ಇದ್ದದ್ದು ಒಂದೇ ಚೀಟಿ, ಅದೂ ಕಾಂಟ್ರಾಕ್ಟಿಗೆ ಷರಾ ಬರೆಯುವ ಅಚ್ಚುಕಟ್ಟಾದ ಅಕ್ಷರದಲ್ಲಿ.

ಮುಂದಿನ ಗುರುವಾರ ಶಾಲೆಯಲ್ಲಿ ಪೋಷಕರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಮಕ್ಕಳು ಬಿಳಿ ಕಾಗದ ಸುತ್ತಿ ಮಾಡಿದ ವಿಗ್ಗು ಹಾಕಿಕೊಂಡು, ಒಬ್ಬರನ್ನೊಬ್ಬರು ಗೌರವಾನ್ವಿತ ಸದಸ್ಯರೇ ಎಂದು ಕರೆದುಕೊಳ್ಳುತ್ತ ಮೇಜು ಕುಟ್ಟುತ್ತಿದ್ದರು. ಗಂಟೆ ಈ ಸಲ ಬೇರೊಬ್ಬ ಹುಡುಗಿಯ ಕೈಯಲ್ಲಿತ್ತು. ನನ್ನ ಮಗಳು ಕಾಗದವಿಲ್ಲದೆ ಎದ್ದಳು. ಎರಡು ಸಾಲು ಹೇಳಿದಳು. ಮೂರನೆಯದಕ್ಕೆ ನಿಂತಳು.

ಒಂದು ಕ್ಷಣ, ಎರಡು ಕ್ಷಣ. ಗಂಟೆಯ ಹುಡುಗಿ ಕೈ ಎತ್ತಿದಳು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ, ಮೂರನೆಯ ಸಾಲು ನನ್ನ ನಾಲಗೆಯ ತುದಿಯಲ್ಲಿತ್ತು. ಹೆಂಡತಿ ನನ್ನ ಅಂಗಿ ಹಿಡಿದು ಕೆಳಕ್ಕೆಳೆದಳು. ಜೀವನದಲ್ಲಿ ಬಾಯಿ ಮುಚ್ಚಿಕೊಂಡು ನಾನು ಪಟ್ಟ ಅತಿ ದೊಡ್ಡ ಕಷ್ಟ ಅದು.

ಆಮೇಲೆ ಅವಳು ಇಂಗ್ಲಿಷಿನಲ್ಲೇ, ನನ್ನ ಭಾಷೆಯಲ್ಲಿ ಒಂದು ಪದವಿದೆ ಎಂದು ಶುರುಮಾಡಿದಳು. ಬೋರ್ಡಿನ ಮೇಲೆ ಕನ್ನಡದಲ್ಲಿ 'ಬೇಕು' ಎಂದು ಬರೆದಳು. ಕೊಂಬು ಸ್ವಲ್ಪ ಸೊಟ್ಟಗಿತ್ತು. ನಮಗೆ ಏನಾದರೂ ಇಷ್ಟವಾದರೆ ಇದನ್ನು ಒಮ್ಮೆ ಹೇಳುತ್ತೇವೆ, ಅದಿಲ್ಲದೆ ಬದುಕಲಾಗದಿದ್ದರೆ ಎರಡು ಸಲ ಹೇಳುತ್ತೇವೆ, ಗೌರವಾನ್ವಿತ ಸದಸ್ಯರು ಬ್ಯಾಂಕಿಗೆ ಅದನ್ನು ಒಂದೇ ಸಲ ಹೇಳಿದ್ದಾರೆ ಎಂದಳು. ಬ್ಯಾಂಕಿನ ಕಡೆಯ ಒಬ್ಬ ಹುಡುಗ, ವಿಗ್ಗು ಜಾರುತ್ತಿದ್ದರೂ, "ಬೇಕೇ ಬೇಕು!" ಎಂದು ಕೂಗಿದ. ಇಡೀ ಸಭೆ ಮೇಜು ಕುಟ್ಟಿತು. ಎಷ್ಟೋ ದೇಶಗಳ ಮಕ್ಕಳು ಕನ್ನಡದಲ್ಲಿ ಬೇಕೇ ಬೇಕು ಎಂದು ಅರಚುವುದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಬರೀ ನಗುವಿನ ನೀರಾಗಿರಲಿಲ್ಲ ಅದು.

ಮತ ಎಣಿಸಿದಾಗ ಚರಿತ್ರೆ ಬದಲಾಗಲಿಲ್ಲ. ಬ್ಯಾಂಕು ಗೆದ್ದಿತು.

ಹೆಂಡತಿ ಅಲ್ಲಿಂದಲೇ ಕ್ಲಿನಿಕ್ಕಿಗೆ ಹೋದಳು. ಕಾರಿನಲ್ಲಿ ಮಗಳು ಕಾಗದದ ವಿಗ್ಗನ್ನು ಇನ್ನೂ ಹಾಕಿಕೊಂಡೇ ಕೂತಿದ್ದಳು. ರಸ್ತೆಯ ಉದ್ದಕ್ಕೂ ಬಾವುಟ ಕಟ್ಟುತ್ತಿದ್ದರು, ಟ್ರಾಫಿಕ್ಕು ತೆವಳುತ್ತಿತ್ತು. ಏನಾದರೂ ಸಮಾಧಾನ ಹೇಳಬೇಕೆಂದು ನಾನು, "ಪರವಾಗಿಲ್ಲ ಬಿಡು ಮಗಳೇ, ನಾವು ಸೋತ್ರೂ ಚೆನ್ನಾಗಿ ಸೋತ್ವಿ," ಎಂದೆ.

"ನಾವಾ?" ಎಂದಳು ಅವಳು. "ನೀವು ಬ್ಯಾಂಕ್ ಕಡೆ ಅಪ್ಪ. ನೀವು ಗೆದ್ರಿ. ಸೋತಿದ್ದು ನಾನು." ಕನ್ನಡಿಯಲ್ಲಿ ವಿಗ್ಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. "ಅದನ್ನೂ ನೀವೇ ತಗೋಬೇಡಿ."