ಔರಾದಕ್ಕೆ ಒಯ್ದ ನೀಲಿ ಬಟ್ಟೆ

ಬೀದರಿನಿಂದ ಬೆಳಗಿನ ರೈಲುಗಾಡಿ ಹೊರಟಾಗ ನನ್ನ ತೊಡೆಯ ಮೇಲೆ ಎರಡು ಥಾನು ನೀಲಿ ಬಟ್ಟೆ ಇತ್ತು. ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಆಳ್ವಿಕೆ ಕೊನೆಗೊಂಡ ಮೇಲಿನ ಎರಡನೆಯ ಚಳಿಗಾಲ. ನಾನು ಶಿಕ್ಷಣ ಇಲಾಖೆಯ ಹಂಗಾಮಿ ಗುಮಾಸ್ತ. ಔರಾದದಲ್ಲಿ ಇಪ್ಪತ್ತು ಹುಡುಗಿಯರನ್ನು ಕೂಡಿಸಿ ಕನ್ನಡ ಶಾಲೆ ಮಂಜೂರಾಗುವಂತೆ ಮಾಡಿದರೆ ನನ್ನ ನೌಕರಿ ಕಾಯಂ ಎಂದು ಸಾಹೇಬರು ಹೇಳಿದ್ದರು. ಅದಕ್ಕೇ ಹೊರಟಿದ್ದೆ, ಸುಳ್ಳು ಯಾಕೆ ಹೇಳಲಿ? ಬಡ ಹುಡುಗಿಯರಿಗೆಂದು ಕಚೇರಿಗೆ ಬಂದಿದ್ದ ಆ ಬಟ್ಟೆಯನ್ನು ಕೇಳಿ ತೆಗೆದುಕೊಂಡದ್ದು ನನ್ನದೇ ಬುದ್ಧಿ.

ಭಾಲ್ಕಿಯಲ್ಲಿ ಇಳಿದು ಮಧ್ಯಾಹ್ನದವರೆಗೆ ಬಸ್ಸು ಕಾದೆ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಅರ್ಧ ತಿಂದು ಎದ್ದು, ಬಸ್ಸು ಬಂತೇ ಎಂದು ನೋಡಿ, ಮತ್ತೆ ಬಂದು ಕೂತೆ. ಕಂಡಕ್ಟರ್ ನಿಜಾಮರ ಹಾಲಿ ಸಿಕ್ಕಾ ನಾಣ್ಯ ಒಲ್ಲೆ, ಹಿಂದೂಸ್ತಾನದ ಕಲ್ದಾರ್ ರೂಪಾಯಿಯೇ ಬೇಕು ಎಂದು ಹಟ ಹಿಡಿದ. ಔರಾದ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು, ಕಿವಿಯೊಳಗೂ ಧೂಳು.

ಮರುದಿನ ನೀಲಮ್ಮನವರ ಅಂಗಳಕ್ಕೆ ಹೋದೆ. ಶಾಲೆಯಲ್ಲೆಲ್ಲ ಉರ್ದುವೇ ನಡೆಯುತ್ತಿದ್ದ ಕಾಲದಿಂದಲೂ ಅವರು ಮನೆಯಲ್ಲಿ ಹುಡುಗಿಯರಿಗೆ ಕನ್ನಡ ಕಲಿಸುತ್ತಿದ್ದರು. ಹಾಸುಗಲ್ಲಿನ ಮೇಲೆ ಬೂದಿ ಹರಡಿ ಬೆರಳಿನಿಂದ ಬರೆಸುವುದು. ಒಂಬತ್ತು ಹುಡುಗಿಯರಿದ್ದರು, ಹೆಚ್ಚಿನವರು ಕುರಿ ಕಾಯುವ ಮನೆಯವರು. ಬರೆಯುವ ಸರದಿಗಾಗಿ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಗಂಗವ್ವ ಎಂಬಾಕೆಯಂತೂ ತನ್ನ ಹೆಸರು ಬರೆದು, ಯಾರೂ ಅಳಿಸದಂತೆ ಕೈ ಅಡ್ಡ ಇಟ್ಟು ಕೂತಿದ್ದಳು.

“ಇವರಿಗಿ ಏನ್ ಕೊಡ್ತೀರಿ?” ಎಂದು ಕೇಳಿದೆ.

“ಏನ್ ಕೊಡಲಿರಿ? ಸಾಕು, ಮನಿಗಿ ಹೋಗ್ರವ್ವಾ ಅಂದ್ರೂ ಹೋಗಂಗಿಲ್ಲ,” ಎಂದು ನೀಲಮ್ಮ ನಕ್ಕರು.

ನನಗೆ ನಂಬಿಕೆಯಾಗಲಿಲ್ಲ. ಏನೂ ಸಿಗದೆ ಯಾರಾದರೂ ಯಾಕೆ ಬರುತ್ತಾರೆ? ನಾನಂತೂ ಬರುತ್ತಿರಲಿಲ್ಲ. ಅಂದೇ ಡಂಗುರ ಹೊಡೆಸಿದೆ: ಹೆಸರು ಬರೆಸಿ ಮೂರು ದಿನ ಕೂತು ಕಲಿತವರಿಗೆ ಪರಕಾರ, ಅಂದರೆ ಲಂಗ, ಹೊಲಿಸಲು ಬಟ್ಟೆ. “ಮೊದಲಿಗಿ ಅಕ್ಷರದ ರುಚಿ ಹತ್ತಲಿ, ಆಮ್ಯಾಲ ಕೊಡೋಣಂತ್ರಿ,” ಎಂದರು ನೀಲಮ್ಮ. ಕಾಯುವ ಪುರುಸೊತ್ತು ನನಗೆಲ್ಲಿ?

ಬೆಳಗಾದರೆ ಇಪ್ಪತ್ತೆಂಟು ಹುಡುಗಿಯರು! ಹಿಗ್ಗಿ ಹೀರೇಕಾಯಿಯಾದೆ. ಆದರೆ ಹಾಸುಗಲ್ಲಿನ ಸುತ್ತ ನೂಕಾಟವಿರಲಿಲ್ಲ, ಎಲ್ಲರ ಕಣ್ಣೂ ಥಾನಿನ ಮೇಲೆ. ಗಂಗವ್ವ ಹೆಸರು ಬರೆದವಳೇ ಎದ್ದು ಬಂದು, “ಇಷ್ಟು ಬರದ್ರ ಸಾಕೇನ್ರಿ?” ಎಂದಳು. ಮೂರನೆಯ ದಿನ ಬಟ್ಟೆ ಹರಿದು ಹಂಚಿದೆ.

ನಾಲ್ಕನೆಯ ಬೆಳಿಗ್ಗೆ ಬಂದವರು ಇಬ್ಬರೇ. ಹೊಸಬರ ಮಾತು ಬಿಡಿ, ಹಳೆಯ ಒಂಬತ್ತರಲ್ಲೇ ಏಳು ಮಂದಿ ಇಲ್ಲ. ಗಂಗವ್ವನ ಮನೆಗೆ ಓಡಿದೆ. ನೀಲಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಇವತ್ತೇನ್ ಕೊಡ್ತೀರಿ?” ಎಂದಳು. ಆ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಅದನ್ನು ಕೇಳಲು ಅವಳಿಗೆ ಕಲಿಸಿದವನು ನಾನೇ ಎಂದು ಹೊಳೆದು, ನಾಚಿಕೆಯಿಂದ ಸತ್ತುಹೋದಂತಾಯಿತು.

ಹಾಜರಿ ಪುಸ್ತಕದಲ್ಲಿ ಇಪ್ಪತ್ತೆಂಟು ಹೆಸರುಗಳಿದ್ದವು. ಹಾಗೇ ಒಯ್ದರೆ ಶಾಲೆ ಮಂಜೂರು, ನೀಲಮ್ಮನವರಿಗೆ ಪಗಾರ, ನಾನು ಕಾಯಂ. ಅಂಗಳಕ್ಕೆ ಮರಳಿ, ಏನು ಮಾಡಲಿ ಎಂದು ನೀಲಮ್ಮನವರನ್ನೇ ಕೇಳಿದೆ.

“ಪಗಾರ ಬ್ಯಾಡ ಅನ್ನೂವಷ್ಟು ಇದ್ದಾಕಿ ಅಲ್ರಿ ನಾನು,” ಎಂದರು. ಹಾಸುಗಲ್ಲಿನ ಬೂದಿಯನ್ನು ಸವರಿ ಸಮ ಮಾಡಿದರು. “ಆದ್ರ ಎಷ್ಟು ಮಂದಿ ಬಂದಾರ, ಅಷ್ಟ ಬರೀರಿ. ಉಳದವರನ್ನ ನಾ ಮನಿ ಮನಿಗಿ ಹೋಗಿ ಕರೀತೇನಿ. ನೀವು ಮತ್ತೇನೂ ತರಬ್ಯಾಡ್ರಿ.”

ಬೀದರಿಗೆ ನೇರ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಪುಸ್ತಕ ತೆರೆಯುವುದು, ಮುಚ್ಚುವುದು; ಪಕ್ಕದಲ್ಲಿದ್ದವರು ಬೇಸತ್ತು ಎದ್ದುಹೋದರು. ಕೋಟೆಯ ಗೋಡೆ ಕಂಡ ಮೇಲೆ, ಬಟ್ಟೆಗೆ ಮುಂಚೆ ಬರುತ್ತಿದ್ದವರು ಒಂಬತ್ತು ಮಂದಿ, ಈಗ ಬರುವವರು ಇಬ್ಬರು ಎಂದು ಬರೆದೆ.

ಸಾಹೇಬರು ಓದಿ ಕನ್ನಡಕ ತೆಗೆದರು.

“ಬಟ್ಟಿ ಇಪ್ಪತ್ತೆಂಟು ಮಂದಿಗಿ ಹಂಚೀರಿ, ಉಳದವರು ಇಬ್ಬರ! ಬಟ್ಟಿ ಇಲ್ಲದಾಗ ಒಂಬತ್ತು ಮಂದಿ ಬರ್ತಿದ್ರಲ್ಲ, ಅವರನ್ನ ಯಾರ್ ಓಡಿಸಿದ್ರು?”

“ನಾನ ಓಡಿಸಿದೆನ್ರಿ,” ಎಂದೆ.