ಬಲಗಡೆಯಿಂದ ತೆರೆದ ರಿಜಿಸ್ಟರು

ಶಿವಶರಣಪ್ಪನವರು ಕಾದಂಬರಿ ಬರೆಯುವವರಿದ್ದಾರೆ ಎಂಬ ಸುದ್ದಿ ನಾರಾಯಣಗೂಡದ ಅವರ ಗಲ್ಲಿಯಲ್ಲಿ ಹುಟ್ಟಿ ಇಪ್ಪತ್ತು ವರ್ಷವಾಗಿತ್ತು. ಸುದ್ದಿ ಹುಟ್ಟಿತ್ತು, ಕಾದಂಬರಿ ಹುಟ್ಟಿರಲಿಲ್ಲ. ಅದಕ್ಕೆಂದೇ ಅವರು ಮೂರು ಪೆನ್ನು ಕೊಂಡಿದ್ದರು, ಮಹಡಿಯ ಕೋಣೆಗೆ ಮೇಜು ಹಾಕಿಸಿದ್ದರು, ಸುಲ್ತಾನ್ ಬಜಾರಿನಿಂದ ದಪ್ಪ ರಟ್ಟಿನ, ನೂರಾ ಎಂಬತ್ತು ಹಾಳೆಯ ರಿಜಿಸ್ಟರೊಂದನ್ನು ತಂದು ಟ್ರಂಕಿನಲ್ಲಿ ಇಟ್ಟಿದ್ದರು. ಕಥೆ ಏನು ಅಂತ ಯಾರಾದರೂ ಕೇಳಿದರೆ, "ಅದು ನಿವೃತ್ತಿ ಆದಮ್ಯಾಲೆ" ಎನ್ನುತ್ತಿದ್ದರು. ನಿವೃತ್ತಿಯೂ ಆಯಿತು. ಆಮೇಲೆ ಒಂದು ವರ್ಷ ರಿಜಿಸ್ಟರಿನ ಧೂಳು ಒರೆಸುವುದರಲ್ಲೇ ಹೋಯಿತು.

ಅವರದು ಆಳಂದದ ಕಡೆ. ನಿಜಾಮರ ಕಾಲದ ಶಾಲೆಯಾದ್ದರಿಂದ ಓದಿದ್ದೆಲ್ಲ ಉರ್ದುವಿನಲ್ಲಿ. ನೌಕರಿ ಹೈದರಾಬಾದಿನಲ್ಲಿ ಸಿಕ್ಕಿತು. ಮುಂದೆ ರಾಜ್ಯಗಳು ಬೇರೆಯಾದಾಗ ಊರು ಮೈಸೂರಿಗೆ ಹೋಯಿತು, ಅವರು ಕಚೇರಿಯ ಜೊತೆ ಆಂಧ್ರದಲ್ಲಿ ಉಳಿದರು. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದರು, ತರಕಾರಿ ತೆಲುಗಿನಲ್ಲಿ ಕೊಂಡರು, ಗೆಳೆಯರ ಜೊತೆ ಹಿಂದಿಯಲ್ಲಿ ನಕ್ಕರು. ಕನ್ನಡ ಬಾಯಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಕೈಗೆ ತಂದುಕೊಟ್ಟವರು ಹೆಂಡತಿ ಶಿವದೇವಿ. ಗದಗಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದಿದ್ದ ಆಕೆ ಮದುವೆಯಾದ ಮೊದಲ ವರ್ಷವೇ ಗಂಡನಿಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸಿದರು. ಅಂದಿನಿಂದ ಶಿವಶರಣಪ್ಪನವರ ಆಸೆ ಒಂದೇ. ತಿದ್ದಿಸಿದವಳು ಕೂತು ಓದುವಂಥ ಒಂದು ಪುಸ್ತಕವನ್ನು ಆ ಅಕ್ಷರದಲ್ಲಿ ಬರೆಯಬೇಕು.

ಅಕ್ಷರ ಬದಲಾದರೂ ಒಂದು ಚಾಳಿ ಹೋಗಲಿಲ್ಲ. ಮನೆಯಲ್ಲಿ ದೋಬಿಗೆ ಹಾಕಿದ ಬಟ್ಟೆಯ ಪುಸ್ತಕ ಅವರ ಸುಪರ್ದಿನಲ್ಲಿತ್ತು. ಬರೆಯುತ್ತಿದ್ದುದು ಕನ್ನಡವೇ, ಆದರೆ ಪುಸ್ತಕ ತೆರೆಯುತ್ತಿದ್ದುದು ಉರ್ದು ಶಾಲೆಯ ಹುಡುಗನ ಹಾಗೆ ಬಲಗಡೆಯಿಂದ. ಪ್ರತಿ ಸಲವೂ ತಪ್ಪು ಕಡೆಯಿಂದ ತೆರೆದು ಶಿವದೇವಿ ಗೊಣಗುತ್ತಿದ್ದರು.

೧೯೭೮ರ ಸೆಪ್ಟೆಂಬರ್ ಕೊನೆಗೆ, ಕಾಚಿಗೂಡ ಸ್ಟೇಷನ್ನಿನ ಅಂಗಡಿಯಿಂದ ತಂದ ಹುಬ್ಬಳ್ಳಿಯ ವಾರಪತ್ರಿಕೆಯೊಂದರಲ್ಲಿ ಸ್ಪರ್ಧೆಯ ಪ್ರಕಟಣೆ ಕಂಡಿತು. ಬರೆದವರ ಮೊದಲ ಕಾದಂಬರಿಯಾಗಿರಬೇಕು, ಹಾಳೆಯ ಒಂದೇ ಬದಿಗೆ ಬರೆದಿರಬೇಕು, ಪುಟಸಂಖ್ಯೆ ಹಾಕಿರಬೇಕು, ಅಕ್ಟೋಬರ್ ಮೂವತ್ತೊಂದರೊಳಗೆ ಕೈ ಸೇರಬೇಕು. ಗಲ್ಲಿಯ ಮಲ್ಲಣ್ಣ ಹುಬ್ಬಳ್ಳಿಯಿಂದ ರವಿಕೆಯ ಖಣ ತಂದು ಮಾರುವ ವ್ಯಾಪಾರಿ. ಅಕ್ಟೋಬರ್ ಇಪ್ಪತ್ತೊಂಬತ್ತರ ಸಂಜೆಯ ಗಾಡಿಗೆ ಹೊರಡುವವನಿದ್ದ, ಒಯ್ದು ಮುಟ್ಟಿಸುತ್ತೇನೆ ಎಂದ. ಶಿವಶರಣಪ್ಪನವರು ಬೆರಳು ಮಡಚಿದರು. ದಿನಕ್ಕೆ ಆರು ಹಾಳೆಯಂತೆ ಮೂವತ್ತು ದಿನ, ರಿಜಿಸ್ಟರಿಗೆ ಸರಿಯಾಗಿ ಕೂತಿತು.

"ಈ ಸಲ ಆಗಲಿಲ್ಲಂದ್ರ ಕಾದಂಬರಿ ಅನ್ನೋ ಮಾತು ನನ್ನ ಬಾಯಾಗ ಬರೂದಿಲ್ಲ" ಎಂದು ಹೆಂಡತಿಯ ಮುಂದೆ ಹೇಳಿದರು. "ಆ ರಿಜಿಸ್ಟರ್ ನೀ ದೋಬಿ ಪುಸ್ತಕ ಮಾಡ್ಕೋ."

"ಅಷ್ಟು ಹಾಳಿ ತುಂಬೂವಷ್ಟು ಬಟ್ಟಿ ನಮ್ಮ ಮನ್ಯಾಗ ಇಲ್ಲರಿ. ನೀವ ಬರೀರಿ" ಎಂದರು ಶಿವದೇವಿ.

ಮಾತು ನಗೆಯಲ್ಲಿ ಹೋಯಿತು. ಆದರೆ ಇಪ್ಪತ್ತು ವರ್ಷ ಸಾಕಿದ ಆಸೆಯನ್ನು ಪಣಕ್ಕಿಟ್ಟದ್ದು ತಮಾಷೆಯಲ್ಲ ಎಂದು ಹೇಳಿದವರಿಗೆ ಗೊತ್ತಿತ್ತು.

ಮರುದಿನ ಹತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಮಹಡಿ ಹತ್ತಿದರು. ಹನ್ನೊಂದಕ್ಕೆ ಇಳಿದು ಬಂದು, ಕಚ್ಚಾ ಕಾಗದದ ಮೇಲಿನ ಮೊದಲ ವಾಕ್ಯವನ್ನು ಗಂಟಲು ಸರಿಮಾಡಿಕೊಂಡು ಓದಿದರು: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಹನುಮಂತ ಎಂಬುವನು ಹೈದರಾಬಾದಿಗೆ ಹಾಜರಾದನು."

ಶಿವದೇವಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. "ಇವ ಮಂಜೂರ್ ಯಾವಾಗ ಆಗ್ತಾನ್ರಿ?" ಎಂದು ಕೇಳಿದರು. ಗಂಡನ ಮುಖ ಸಣ್ಣದಾದದ್ದು ಕಂಡು, "ನನ್ನ ಮುಂದ ಮಾತಾಡಿದಂಗ ಬರೀರಿ. ನನಗ ಎಂದರ ಸದರಿ ಅಂದೀರೇನು?" ಎಂದರು.

ಆ ಮಾತು ಕೆಲಸ ಮಾಡಿತು. ಅವರು ಮೇಲೆ ಹೋಗಿ, ಹೆಂಡತಿ ಎದುರಿಗೆ ಕೂತಿದ್ದಾಳೆ ಎಂದುಕೊಂಡು ಬರೆಯತೊಡಗಿದರು. ಮೊದಲು ಕಚ್ಚಾ ಕಾಗದ, ಸಂಜೆ ರಿಜಿಸ್ಟರಿನಲ್ಲಿ ಶುದ್ಧ ಪ್ರತಿ. ಕಥೆ ಹನುಮಂತ ಮತ್ತು ಸೂಗಮ್ಮ ಎಂಬ ಗಂಡ ಹೆಂಡಿರದು. ಇಬ್ಬರೂ ಈ ಊರಿಗೆ ಬಂದು, ಬಾಡಿಗೆಯ ಖೋಲಿಗಳಲ್ಲಿ ಬಾಳಿ ಮುದುಕರಾಗುವುದು. "ನಮ್ಮ ಆಫೀಸಿನ ಒಬ್ಬ ಹನುಮಂತಂದು" ಎಂದಷ್ಟೇ ಮನೆಯಲ್ಲಿ ಹೇಳಿದ್ದರು. ಒಂದು ಸಂಗತಿ ಒಂದು ಹಾಳೆಯಲ್ಲೇ ಮುಗಿಯಬೇಕು, ಸಾಹೇಬರು ಹಾಳೆ ತಿರುವುವಂತಾಗಬಾರದು ಎಂಬ ಕಚೇರಿಯ ಶಿಸ್ತನ್ನು ಕಾದಂಬರಿಗೂ ಹೇರಿದರು. ಮುಗಿಯುವತನಕ ರಿಜಿಸ್ಟರು ಯಾರೂ ಮುಟ್ಟುವ ಹಾಗಿಲ್ಲ.

ಮಗ ಅಮರೇಶ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಿಂದ ಬಸ್ಸಿನಲ್ಲಿ ನಿಂತು ನಿಂತು ದಣಿದು ಬಂದರೂ ದಿನಾ ಕೇಳುತ್ತಿದ್ದ, "ಅಪ್ಪಾರ, ಇವತ್ತು ಪ್ರೊಡಕ್ಷನ್ ಎಷ್ಟರಿ?"

"ಆರು."

"ರಿಜೆಕ್ಷನ್?"

"ಹದಿನಾಲ್ಕು" ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಹತ್ತೊಂಬತ್ತನೆಯ ದಿನ ಬರವಣಿಗೆಯ ಗಾಡಿ ನಿಂತಿತು. ಹನುಮಂತನೂ ಸೂಗಮ್ಮನೂ ಜಗಳವಾಡಿ ಮಾತು ಬಿಟ್ಟಿದ್ದರು, ಏನು ಮಾಡಿದರೂ ರಾಜಿಯಾಗಲೊಲ್ಲರು. ಎರಡು ದಿನ ಒಂದು ಸಾಲೂ ಏಳಲಿಲ್ಲ. ಹನ್ನೆರಡು ಹಾಳೆ ಹಿಂದೆ ಬಿದ್ದ ಮನುಷ್ಯ ಊಟದಲ್ಲಿ ಉಪ್ಪು ಇದೆಯೋ ಇಲ್ಲವೋ ಎಂಬುದನ್ನೂ ಮರೆತರು. ಕೊನೆಗೆ ಅಡುಗೆಮನೆಗೆ ಬಂದು ನಿಂತು, "ಹೆಂಡತಿ ಸಿಟ್ಟು ಎಷ್ಟು ದಿನಕ್ಕ ಇಳೀತೈತಿ?" ಎಂದು ಕೇಳಿದರು.

"ಯಾರ ಹೆಂಡತಿದು?"

"ಹನುಮಂತಂದು."

"ತಪ್ಪು ಯಾರದೈತಿ?"

"ಅವಂದ."

"ಹಂಗಾದ್ರ ಅಂವ ತಪ್ಪಾತು ಅನ್ಲಿ. ನಿಮ್ಮ ಹಾಳಿನೂ ಮುಂದ ಸಾಗ್ತಾವು."

ಹನುಮಂತ ತಪ್ಪಾಯಿತು ಎಂದ. ಮರುದಿನ ಒಂದೇ ಪಟ್ಟಿಗೆ ಹನ್ನೊಂದು ಹಾಳೆ ಆದವು. ಇಪ್ಪತ್ತೆಂಟರ ಸಂಜೆ ರಿಜಿಸ್ಟರಿನ ಕೊನೆಯ ಹಾಳೆ ತುಂಬಿತು. ಅಮರೇಶ ನಾಂಪಲ್ಲಿಯಿಂದ ಅರ್ಧ ಕಿಲೋ ಜಿಲೇಬಿ ತಂದ. ಶಿವಶರಣಪ್ಪನವರು ತಿಂದದ್ದು ಒಂದೇ, ಆದರೆ ಮುಖ ನೋಡಿದರೆ ಅಷ್ಟನ್ನೂ ತಿಂದವರಂತಿದ್ದರು.

ಮರುದಿನ ಎಂಟಕ್ಕೆ ರಿಜಿಸ್ಟರನ್ನು ಹೆಂಡತಿಯ ಕೈಗೆ ಕೊಟ್ಟರು. ಪುಟಸಂಖ್ಯೆ ಇನ್ನೂ ಹಾಕಿರಲಿಲ್ಲ. ಕಡತ ಪೂರ್ತಿ ಒಪ್ಪಿಗೆಯಾದ ಮೇಲೆಯೇ ಸಂಖ್ಯೆ ಎಂಬುದು ಅವರ ನಿಯಮ. ಶಿವದೇವಿ ಕಿಟಕಿಯ ಬಳಿ ಗೋಡೆಗೊರಗಿ ಕೂತರು. ಅಂದು ಒಲೆ ಹೊತ್ತಲಿಲ್ಲ. ಅಮರೇಶ ಚುರುಮುರಿ ತಿಂದು ಕೆಲಸಕ್ಕೆ ಹೋದ. ಶಿವಶರಣಪ್ಪನವರು ಮಹಡಿಯ ಮೆಟ್ಟಿಲ ಮೇಲೆ ಕೂತು ಒಳಗಿನ ಸದ್ದಿಗೆ ಕಿವಿಗೊಟ್ಟರು. ಒಮ್ಮೆ ನಗು ಕೇಳಿತು, ಬಹಳ ಹೊತ್ತು ಏನೂ ಕೇಳಲಿಲ್ಲ, ಮತ್ತೆ ನಗು. ಎರಡು ಗಂಟೆಯಾದಾಗ ಶಿವದೇವಿ ಸೆರಗಿನಿಂದ ಕಣ್ಣೊರೆಸುತ್ತ ಹೊರಗೆ ಬಂದು ಅವರ ಪಕ್ಕದಲ್ಲೇ ಕೂತರು.

"ಮುದುಕರಿಂದ ಸುರು ಮಾಡಿ ಮದುವಿ ಹೊಸತಕ್ಕ ತಂದು ನಿಲ್ಲಸೂದು ನಿಮಗ ಹೆಂಗ ಹೊಳೀತ್ರಿ?" ಎಂದರು. "ಹಾಳಿ ತಿರುವಿದಂಗ ಸೂಗಮ್ಮನ ಕೂದಲಾ ಕರ್ರಗ ಆಕ್ಕೋಂತ ಹೋದುವು. ನಾನೂ ಅಕಿ ಜೋಡಿ ಸಣ್ಣಾಕಿ ಆದ್ನಿ."

"ಮುದುಕರು ಕಡೀಕ ಬರ್ತಾರ" ಎಂದರು ಶಿವಶರಣಪ್ಪ.

"ಇಲ್ಲರಿ, ಮೊದಲಿಗೆ ಬರ್ತಾರ."

ಅವರು ರಿಜಿಸ್ಟರು ತೆಗೆದುಕೊಂಡು ಬಲಗಡೆಯಿಂದ ತೆರೆದು ತೋರಿಸಿದರು. ಆಕೆ ಕಸಿದುಕೊಂಡು ಎಡಗಡೆಯಿಂದ ತೆರೆದು ತೋರಿಸಿದರು.

"ದೋಬಿ ಪುಸ್ತಕ" ಎಂದರು ಶಿವದೇವಿ.

ಶಿವಶರಣಪ್ಪನವರು ಗಡಿಯಾರ ನೋಡಿದರು. ಗಾಡಿ ಐದೂವರೆಗೆ. ನೂರಾ ಎಂಬತ್ತು ಹಾಳೆ ಮತ್ತೆ ಬರೆಯುವುದಾಗದು, ಹೊಲಿದ ರಿಜಿಸ್ಟರು ಬಿಚ್ಚಲಾಗದು. ಹುಬ್ಬಳ್ಳಿಯವರು ಎಡದಿಂದ ತೆರೆದರೆ ಕಥೆಯ ತುದಿಯೇ ಮೊದಲು ಕೈಗೆ ಹತ್ತುತ್ತದೆ. ಎದ್ದು ಹೋಗಿ ದಪ್ಪಕ್ಷರದಲ್ಲಿ "ಈ ಬದಿಯಿಂದ ಓದತಕ್ಕದ್ದು" ಎಂದು ಚೀಟಿ ಬರೆದು ಗೋಂದು ಸವರಿ ತಂದರು.

ಶಿವದೇವಿ ರಿಜಿಸ್ಟರನ್ನು ಎದೆಗವಚಿಕೊಂಡಿದ್ದರು. "ಬೂಟ್ ಕಡಿಯಾಕತ್ತಾವು ಅಂದಿದ್ರಿ" ಎಂದರು.

ಅವರಿಗೆ ಅರ್ಥವಾಯಿತು. ಇಪ್ಪತ್ತೆಂಟು ವರ್ಷದ ಹಿಂದೆ, ಬಿರುಬೇಸಿಗೆಯಲ್ಲಿ, ಗದಗಿನಿಂದ ಬಂದ ಹೊಸ ಹೆಂಡತಿ ಕಾಚಿಗೂಡದಲ್ಲಿ ಗಾಡಿ ಇಳಿಯುವಾಗ ಒಂದು ಚಪ್ಪಲಿ ಹಳಿಯ ಮೇಲೆ ಬಿದ್ದುಹೋಗಿತ್ತು. ಇನ್ನೊಂದನ್ನು ಕೈಯಲ್ಲಿ ಹಿಡಿದು ಆಕೆ ಅಳುವ ಮುಖ ಮಾಡಿ ನಿಂತಿದ್ದರು. ಆಗ ಗಂಡ ಬೂಟು ಬಿಚ್ಚಿ, ಕಡಿಯುತ್ತಿವೆ ಎಂದು ಹೇಳಿ, ಖೋಲಿಯ ತನಕ ಸುಡುವ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದಿದ್ದರು. ಅವರು ಬರೆದ ಮೊದಲ ಹಾಳೆಯಲ್ಲಿ ಹನುಮಂತ ಮಾಡಿದ್ದೂ ಅದನ್ನೇ. ಅದರ ಕೊನೆಗೆ ಹೀಗಿತ್ತು: "ಹನುಮಂತನಿಗೆ ಬೂಟು ಕಡಿಯುತ್ತಿರಲಿಲ್ಲ. ಹೊಸ ಊರಿನಲ್ಲಿ ಅವಳೊಬ್ಬಳೇ ಬರಿಗಾಲಲ್ಲಿ ನಡೆಯುವುದು ಅವನಿಗೆ ಸರಿಬರಲಿಲ್ಲ."

"ಇಷ್ಟು ವರ್ಷ ಆ ಬೂಟಿಗೆ ಬೈಕೋಂತ ಬಂದೀನಿ ನಾ" ಎಂದರು ಶಿವದೇವಿ. "ಮೊದಲಿಗೇ ಓದಿದ್ರ ಕಣ್ಣಾಡಿಸಿ ಮುಂದ ಹೋಗ್ತಿದ್ನಿ. ಅವರ ಬಾಳೆಲ್ಲಾ ನೋಡಿದಮ್ಯಾಲೆ ಬಂತು, ಅದಕ್ಕ ಎದಿಗೆ ಹತ್ತಿತು. ಓದೋರಿಗೂ ಹಂಗ ಹತ್ತಲಿ. ಚೀಟಿ ಬ್ಯಾಡ್ರಿ."

ಮೂವತ್ತು ವರ್ಷದ ಸೇವೆಯಲ್ಲಿ ಒಂದು ಕಡತವೂ ಅವರ ಕೈಯಲ್ಲಿ ಹಿಂದುಮುಂದಾಗಿರಲಿಲ್ಲ. ಅವರಿಗೆ ಸಂಕಟವಾಯಿತು, ಸಿಟ್ಟೂ ಬಂತು. ಆದರೆ ಈ ಪುಸ್ತಕ ಯಾರು ಓದಲಿ ಎಂದು ಬರೆದದ್ದೋ ಆಕೆ ಓದಿಯಾಗಿತ್ತು, ಅತ್ತಿದ್ದೂ ಆಗಿತ್ತು. ಇದಕ್ಕಿಂತ ಹೆಚ್ಚಿನ ಸಂತೋಷ ಅವರು ಬೇಡಿರಲಿಲ್ಲ. ಚೀಟಿ ಮಡಚಿ ಜೇಬಿಗೆ ಹಾಕಿದರು. ಪೆನ್ನು ತೆಗೆದು, ರಿಜಿಸ್ಟರನ್ನು ಎಡಗಡೆಯಿಂದ ತೆರೆದು, ಹಿಂದಿನ ದಿನ ತಾವು ಕೊನೆಗೆ ಬರೆದ ಹಾಳೆಯ ನೆತ್ತಿಯ ಮೇಲೆ ಒಂದು ಎಂದು ಬರೆದರು. ಶಿವದೇವಿ ಹಾಳೆ ತಿರುವಿದರು, ಅವರು ಎರಡು ಎಂದು ಬರೆದರು. ಬರಿಗಾಲಿನ ಹಾಳೆಗೆ ನೂರಾ ಎಂಬತ್ತು ಬಂತು.

ಸಂಜೆ ಇಬ್ಬರೂ ಕಾಚಿಗೂಡಕ್ಕೆ ಹೋದರು. ಮಲ್ಲಣ್ಣ ರಿಜಿಸ್ಟರನ್ನು ಖಾಲಿ ಚೀಲದ ತಳಕ್ಕಿಟ್ಟು, "ನಾಳೆ ಸ್ವತಃ ಕೈಗೆ ಕೊಟ್ಟು ಬರ್ತೀನ್ರಿ" ಎಂದ. ಗಾಡಿ ಹೊರಟಿತು. ಶಿವಶರಣಪ್ಪನವರು ಜೇಬಿಗೆ ಕೈ ಹಾಕಿದರೆ ಗೋಂದಿನ ಚೀಟಿ ಒಳಗೆ ಬಟ್ಟೆಗೆ ಅಂಟಿಕೊಂಡಿತ್ತು.

"ಹಸರು ಚಪ್ಪಲಿ ಅಂತ ಬರದೀರಿ" ಎಂದರು ಶಿವದೇವಿ, ಖಾಲಿ ಹಳಿಯನ್ನು ನೋಡುತ್ತ. "ಕೆಂಪು ಇದ್ದುವು."

"ಎರಡನೇ ಕಾದಂಬರ್ಯಾಗ ತಿದ್ದತೀನಿ."

ಸ್ಟೇಷನ್ನಿನ ಹೊರಗೆ ಬರುತ್ತಲೇ ಶಿವದೇವಿ ನಿಂತರು. "ಚಪ್ಪಲಿ ಕಡಿಯಾಕತ್ತಾವ್ರಿ" ಎಂದು ಎರಡನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಶಿವಶರಣಪ್ಪನವರು ರಿಕ್ಷಾದವನಿಗೆ ಬೇಡವೆಂದು ಕೈ ಮಾಡಿ, ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚತೊಡಗಿದರು.